ಹಸಿರು ಬೂಷ್ಟಿನ ಕಾವಲು

ಬಸವೇಶ್ವರನಗರದ ಯಾವ ಮನೆಯ ಮಾಳಿಗೆಯ ಮೇಲಾದರೂ, ಯಾವ ದಿನವಾದರೂ ನಡೆಯಬಹುದಾದ ಒಂದು ಸಣ್ಣ ದುರಂತವುಂಟು. ಮನೆಯಾಕೆ ಅಗಲವಾದ ಕುಂಡವೊಂದರಲ್ಲಿ ಟೊಮೇಟೊ ಬೀಜ ಚೆಲ್ಲಿದ್ದಾರೆ. ವಾರ ಕಳೆಯುವುದರೊಳಗೆ ಬೀಜ ಮೊಳೆತು, ದಾರದಷ್ಟು ತೆಳುವಾದ ಕಾಂಡಗಳ ಮೇಲೆ ಎರಡೆರಡು ಎಲೆಗಳನ್ನು ಹೊತ್ತು ಸಸಿಗಳು ಒತ್ತೊತ್ತಾಗಿ ನಿಂತಿವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನೋಡಿದಾಗ ಎಲ್ಲವೂ ನೆಟ್ಟಗಿದ್ದುವು. ಬೆಳಗ್ಗೆ ಕಾಫಿಯ ಲೋಟ ಹಿಡಿದು ಮೇಲಕ್ಕೆ ಬಂದರೆ, ಕುಂಡದ ಒಂದು ಮೂಲೆಯ ಸಸಿಗಳೆಲ್ಲ ಯಾರೋ ಕುಡುಗೋಲಾಡಿಸಿದಂತೆ ಒರಗಿ ಬಿದ್ದಿವೆ. ಎಲೆಗಳು ಇನ್ನೂ ಹಸಿರಾಗಿಯೇ ಇವೆ. ಆದರೆ ಮಣ್ಣಿಗೆ ತಾಗುವ ಕಡೆ ಕಾಂಡವು ನೀರುಗೂಡಿ, ಕಂದಿ, ನೂಲಿನಂತೆ ಸಣ್ಣಗಾಗಿದೆ.

"ನೀರು ಸಾಲದು ಕಣಮ್ಮ. ಇನ್ನೊಂದು ಚೆಂಬು ಹಾಕು" ಎನ್ನುತ್ತಾರೆ ಅತ್ತೆ.

"ನಿನ್ನೆ ಎರಡು ಚೆಂಬು ಹಾಕಿದ್ದೆನಲ್ಲ, ಅತ್ತೆ."

"ಬಿಸಿಲು ನೋಡಿದೆಯಾ? ಎರಡು ಯಾವ ಮೂಲೆಗೆ!"

ಮೂರನೆಯ ಚೆಂಬೂ ಬೀಳುತ್ತದೆ. ಮರುದಿನದ ಹೊತ್ತಿಗೆ ಉಳಿದ ಮೂಲೆಗಳೂ ಮಲಗಿರುತ್ತವೆ.

ಅತ್ತೆಯವರ ಮಾತಿನಲ್ಲಿ ಪ್ರೀತಿಯಿತ್ತು, ಅನುಭವವೂ ಇತ್ತು. ಆದರೆ ಆ ಮೂರನೆಯ ಚೆಂಬು ಶತ್ರುವಿಗೆ ಕಳುಹಿಸಿದ ಕರೆಯೋಲೆಯಾಯಿತು. ಸಸಿ ಕೊಳೆರೋಗವನ್ನು ತರುವ ಜೀವಿಗಳಲ್ಲಿ ಮುಖ್ಯವಾದುದು ಪಿಥಿಯಂ. ನೋಟಕ್ಕೆ ಬೂಷ್ಟಿನಂತಿದ್ದರೂ ನಿಜವಾದ ಬೂಷ್ಟುಗಳ ವಂಶಕ್ಕೆ ಸೇರಿದುದಲ್ಲ. ನೀರಿನಲ್ಲಿ ಹುಟ್ಟಿ ನೀರಿನಲ್ಲಿ ಬೆಳೆದ ಬೇರೊಂದು ಕುಲ. ಮಣ್ಣಿನ ಕಣಗಳ ನಡುವೆ ತೆಳುವಾದ ನೀರಿನ ಪೊರೆಯಿದ್ದರೆ ಸಾಕು, ಇದರ ಕಣಗಳು ಎರಡು ಬಾಲಗಳನ್ನು ಬಡಿಯುತ್ತ, ಬೇರಿನಿಂದ ಒಸರುವ ಸಿಹಿಯ ಜಾಡು ಹಿಡಿದು ಈಜಿಬರುತ್ತವೆ. ಒಂದು ರಾತ್ರಿಯ ಕೆಲಸ ಅಷ್ಟೆ.

ಮಾಳಿಗೆಯ ನಷ್ಟ ಒಂದು ಪೊಟ್ಟಣ ಬೀಜ, ಮತ್ತೆ ಚೆಲ್ಲಬಹುದು. ಇದೇ ಜಗಳ ದೊಡ್ಡದಾಗಿ ನಡೆಯುವ ಸ್ಥಳವನ್ನು ನೋಡಬೇಕಾದರೆ ಪಶ್ಚಿಮಕ್ಕೆ ಹೋಗಬೇಕು. ಹೊಸಹಳ್ಳಿ, ಅತ್ತಿಗುಪ್ಪೆ ಎಂಬ ಹಳ್ಳಿಗಳ ಹೆಸರು ಈಗ ಮೆಟ್ರೋ ನಿಲ್ದಾಣಗಳ ಫಲಕಗಳ ಮೇಲೆ ಉಳಿದುಕೊಂಡಿವೆ. ವಿಜಯನಗರವನ್ನು ದಾಟಿದ ರೈಲು 2021ರಿಂದ ಕೆಂಗೇರಿಯವರೆಗೂ, 2023ರಿಂದ ಅದರಾಚೆಯ ಚಲ್ಲಘಟ್ಟದವರೆಗೂ ಹೋಗುತ್ತದೆ. ಅಲ್ಲಿಂದ ಮುಂದೆ ಮೈಸೂರು ರಸ್ತೆಯಲ್ಲಿ ಬಿಡದಿಯನ್ನೂ ರಾಮನಗರವನ್ನೂ ನೋಡುತ್ತ ಸಾಗಿದರೆ, ಬಡಾವಣೆಗಳ ನಡುನಡುವೆ ಮೊಣಕಾಲೆತ್ತರಕ್ಕೆ ಕೊಯ್ದ, ಮತ್ತೆ ಚಿಗುರಿದ, ಹಿಪ್ಪುನೇರಳೆಯ ಸಾಲುಗಳು ಕಾಣತೊಡಗುತ್ತವೆ. ರಾಮನಗರದ ಗೂಡಿನ ಮಾರುಕಟ್ಟೆಯ ಹೆಸರು ದೇಶದ ಆಚೆಗೂ ಹಬ್ಬಿದೆ. ಚನ್ನಪಟ್ಟಣದ ಕಡೆಯ ಕಣ್ವದ ರೇಷ್ಮೆ ಕ್ಷೇತ್ರದಲ್ಲಿ ಆರಿಸಿದ 'ಕಣ್ವ-2' ತಳಿ ಒಂದು ಕಾಲದಲ್ಲಿ ಕನ್ನಡನಾಡಿನ ರೇಷ್ಮೆ ತೋಟಗಳನ್ನೆಲ್ಲ ಆಳಿತು. ಅದರ ಗದ್ದುಗೆಯನ್ನು ಅನಂತರ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾಲಯದ 'ವಿ-1' ಏರಿತು.

ಆ ಸಾಲುಗಳಲ್ಲಿ ಒಬ್ಬ ರೈತನ ಒಂದೆಕರೆ ತೋಟವನ್ನು ವಾಚಕರು ಊಹಿಸಿಕೊಳ್ಳಲಿ. ಹಿಪ್ಪುನೇರಳೆಯು ರಾಗಿಯಂತೆ ವರ್ಷವರ್ಷ ಬಿತ್ತುವ ಪೈರಲ್ಲ. ಒಮ್ಮೆ ನೆಟ್ಟರೆ ಹತ್ತು ಹದಿನೈದು ವರ್ಷಗಳ ಬಾಳು. ಒಂದು ಮಳೆಗಾಲದಲ್ಲಿ ಒಂದು ಗಿಡದ ಎಲೆ ಹಳದಿಗಟ್ಟಿ ಉದುರುತ್ತದೆ. ನೀರು ಹೆಚ್ಚಾಯಿತೆಂದೋ ಕಡಿಮೆಯಾಯಿತೆಂದೋ ಮನೆಯವರಲ್ಲಿ ಚರ್ಚೆ ನಡೆಯುವಷ್ಟರಲ್ಲಿ ಗಿಡ ಒಣಗಿರುತ್ತದೆ. ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಬೇರಿನ ತೊಗಟೆ ಕಪ್ಪಾಗಿ, ಕೊಳೆತು, ಸಿಪ್ಪೆಯಂತೆ ಕಳಚಿಕೊಳ್ಳುತ್ತದೆ. ಕೊಯ್ಲು ಮುಗಿದು ಮುಂದಿನ ಚಿಗುರು ಬರುವ ಹೊತ್ತಿಗೆ ಪಕ್ಕದ ನಾಲ್ಕು ಗಿಡಗಳು. ಮುಂದಿನ ವರ್ಷ ತೋಟದ ನಡುವೆ ಕಣದಷ್ಟು ಅಗಲದ ಬಯಲು. ಇದು ಬೇರು ಕೊಳೆರೋಗ. ಫ್ಯುಸೇರಿಯಂ ಮೊದಲಾದ ಶಿಲೀಂಧ್ರಗಳು ಇದರ ಕರ್ತೃಗಳು. ಹರಿಯುವ ನೀರೂ ಗುದ್ದಲಿಗೆ ಅಂಟಿದ ಮಣ್ಣೂ ಇವನ್ನು ಸಾಲಿನಿಂದ ಸಾಲಿಗೆ ಹೊತ್ತು ಸಾಗಿಸುತ್ತವೆ.

ಒಂದು ಗಿಡ ಹೋದರೆ ಏನು ಹೋಯಿತು ಎಂದು ಪೇಟೆಯವರಿಗೆ ಅನ್ನಿಸಬಹುದು. ರೇಷ್ಮೆ ಹುಳು ಮೇಯಿಸುವವರ ಮನೆಯಲ್ಲಿ ಲೆಕ್ಕ ಬೇರೆ. ಹುಳುವಿನ ಬಾಳು ಇಪ್ಪತ್ತೈದು ದಿನಗಳ ಆಸುಪಾಸು. ಅದು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ನಾಲ್ಕನೆಯ ಜ್ವರ ಎದ್ದ ಮೇಲಿನ ಕಡೆಯ ವಾರದಲ್ಲಿ ತಿನ್ನುತ್ತದೆ. ಆ ವಾರ ಮನೆಯಲ್ಲಿ ಮದುವೆಯಿದ್ದರೂ, ಸಾವಾಗಿದ್ದರೂ, ಸೊಪ್ಪು ಹಾಕುವುದು ತಪ್ಪುವಂತಿಲ್ಲ. ತೋಟದಲ್ಲಿ ಬಯಲು ಬಿದ್ದವನು ಆಗ ಹೊರಗಿನಿಂದ ಸೊಪ್ಪು ಕೊಳ್ಳಬೇಕು. ಸಾಲ ಮಾಡಿ ಕೊಳ್ಳಬೇಕು. ಸಿಕ್ಕದಿದ್ದರೆ ಹಸಿದ ಹುಳುಗಳ ಎದುರಿಗೆ ಕೈಕಟ್ಟಿ ಕುಳಿತಿರಬೇಕು. ಹಸಿದ ಹುಳು ಕಟ್ಟುವ ಗೂಡು ತೆಳ್ಳಗಿರುತ್ತದೆಂಬುದು ಮಾರುಕಟ್ಟೆಯಲ್ಲಿ ಬೆರಳಿಟ್ಟು ಒತ್ತಿ ನೋಡುವವನಿಗೆ ಕ್ಷಣದಲ್ಲಿ ತಿಳಿಯುತ್ತದೆ.

ರೋಗಕ್ಕೆ ಔಷಧ ಹೊಡೆದರಾಯಿತಲ್ಲ ಎಂಬುದು ಸಹಜವಾದ ಪ್ರಶ್ನೆ. ಅದಕ್ಕೆ ನಮ್ಮ ನಾಡಿನಲ್ಲೇ ಒಂದು ಉಜ್ವಲವಾದ ನಿದರ್ಶನವುಂಟು. 1908ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ತರುಣ ವಿಜ್ಞಾನಿ ಮೈಸೂರು ಸಂಸ್ಥಾನದ ಸೇವೆಗೆ ಬಂದಾಗ, ಮಲೆನಾಡಿನ ಅಡಿಕೆ ತೋಟಗಳು ಕೊಳೆರೋಗದಿಂದ ಕಂಗೆಟ್ಟಿದ್ದುವು. ಮಳೆಗಾಲಕ್ಕೆ ಮುನ್ನ ಒಂದೊಂದು ಮರದ ಒಂದೊಂದು ಕೊನೆಗೂ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದೊಂದೇ ಹಳಬರು ಬಲ್ಲ ಉಪಾಯ. ಕೋಲ್ಮನ್ ರೋಗದ ಮೂಲವಾದ ಫೈಟಾಫ್ತೊರವನ್ನು ಗುರುತಿಸಿದರು. 1910ರಲ್ಲಿ ಅವರ ವರದಿ ಹೊರಬಂದಿತು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಮಿಲಾರ್ಡೆ ಎಂಬಾತನು ಬಳಕೆಗೆ ತಂದಿದ್ದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆಯ ಕೊನೆಗೆ ಹೊಡೆಯುವ ಕ್ರಮವನ್ನು ಅವರು ರೂಢಿಗೆ ತಂದರು. ಶತಮಾನ ಕಳೆದರೂ ಮಳೆ ಹಿಡಿಯುವ ಮೊದಲು ಮಲೆನಾಡಿನ ಕೊನೆಗಾರರು ಅದನ್ನೇ ಹೊಡೆಯುತ್ತಾರೆ. ಅದನ್ನು ಅಲ್ಲಗಳೆಯುವವನು ಅಡಿಕೆ ತೋಟವನ್ನು ಕಂಡವನಾಗಲಾರ.

ಆದರೆ ಅಡಿಕೆಯ ಕೊನೆ ಆಕಾಶದಲ್ಲಿದೆ, ಹಿಪ್ಪುನೇರಳೆಯ ಬೇರು ನೆಲದೊಳಗಿದೆ. ಕೊನೆಯ ಮೇಲೆ ಬಿದ್ದ ಹನಿ ಅಲ್ಲಿಯೇ ಅಂಟಿಕೊಂಡು ಕಾವಲು ನಿಲ್ಲಬಲ್ಲದು. ಮಣ್ಣಿಗೆ ಸುರಿದ ಔಷಧವು ಎಲ್ಲಿಗೆ ಇಳಿಯಿತು, ಎಷ್ಟು ದಿನ ನಿಂತಿತು, ಯಾರನ್ನು ಕೊಂದಿತು ಎಂದು ಹೇಳುವವರಾರು? ಜೊತೆಗೆ ಈ ಗಿಡದ ಎಲೆಯೇ ಹುಳುವಿನ ಅನ್ನ. ಸೊಪ್ಪಿಗೆ ಔಷಧ ಸೋಕಿದರೆ ಇಷ್ಟು ದಿನ ಕೊಯ್ಯಬಾರದೆಂಬ ಕಟ್ಟುಪಾಡುಂಟು. ಹುಳು ಮಾತ್ರ ಆ ದಿನಗಳನ್ನು ಕಾಯುವುದಿಲ್ಲ. ಹಿಪ್ಪುನೇರಳೆ ಬೆಳೆಯುವವನ ಇಕ್ಕಟ್ಟು ಇದು. ಅವನಿಗೆ ಬೇಕಾದುದು ಬೇರಿನ ಬಳಿಯೇ ಮನೆಮಾಡಿಕೊಂಡು, ತಾನೇ ತನ್ನ ಸಂಖ್ಯೆಯನ್ನು ಬೆಳೆಸಿಕೊಂಡು, ಎಲೆಯ ಗೊಡವೆಗೆ ಹೋಗದ ಕಾವಲುಗಾರ.

ಅಂಥವನು ಮಣ್ಣಿನಲ್ಲಿ ಮೊದಲಿನಿಂದಲೂ ಇದ್ದಾನೆ. ಒಂದು ಚಿಟಿಕೆ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಬಾಳುತ್ತಿವೆ. ಬೇರನ್ನು ಸುತ್ತಿಕೊಂಡ ಮಣ್ಣಿನ ತೆಳುವಾದ ಪದರದಲ್ಲಿಯಂತೂ ಸಂತೆಯೇ ನೆರೆದಿರುತ್ತದೆ. 1904ರಲ್ಲಿ ಜರ್ಮನಿಯ ಹಿಲ್ಟ್ನರ್ ಎಂಬ ವಿಜ್ಞಾನಿ ಅದಕ್ಕೆ 'ಬೇರುವಲಯ' ಎಂಬ ಅರ್ಥದ ಹೆಸರನ್ನೇ ಕೊಟ್ಟ. ಗಿಡವು ಎಲೆಯಲ್ಲಿ ಅಟ್ಟ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿನ ಮೂಲಕ ಹೊರಕ್ಕೆ ಒಸರುತ್ತದೆ. ಬಾಗಿಲಲ್ಲಿ ಊಟ ಬಡಿಸಿದ ಮೇಲೆ ನೆಂಟರೂ ಬರುತ್ತಾರೆ, ಕಳ್ಳರೂ ಬರುತ್ತಾರೆ. ಯಾರು ಮೊದಲು ಬಂದು ಎಲೆಯ ಮುಂದೆ ಕುಳಿತರೆಂಬುದೇ ಮುಖ್ಯ.

ಈ ಸಂತೆಯಲ್ಲಿ ಟ್ರೈಕೊಡರ್ಮ ಎಂಬುದೊಂದು ಬೂಷ್ಟು. 1794ರಷ್ಟು ಹಿಂದೆಯೇ ಪರ್ಸೂನ್ ಎಂಬ ಶಿಲೀಂಧ್ರಶಾಸ್ತ್ರಜ್ಞ ಇದಕ್ಕೆ ನಾಮಕರಣ ಮಾಡಿದ. ಮೊದಲು ಬಿಳಿಯ ಅರಳೆಯಂತೆ ಹಬ್ಬಿ, ಕೆಲವೇ ದಿನಗಳಲ್ಲಿ ಬೀಜಕಣಗಳನ್ನು ತಳೆದು ಪಾಚಿಯ ಹಸಿರಿಗೆ ತಿರುಗುತ್ತದೆ. ಕೊಳೆತ ಸೌದೆಯ ಮೇಲೆ, ತಿಪ್ಪೆಯ ಒದ್ದೆಯಲ್ಲಿ, ಇದನ್ನು ಎಲ್ಲರೂ ಕಂಡಿದ್ದಾರೆ, ಯಾರೂ ಗಮನಿಸಿಲ್ಲ. 1932ರಲ್ಲಿ ಅಮೆರಿಕದಲ್ಲಿದ್ದ ರಿಚರ್ಡ್ ವೈಂಡ್ಲಿಂಗ್ ಎಂಬಾತನು ಇದರ ಗುಟ್ಟನ್ನು ಬಯಲಿಗೆಳೆದ. ಕಿತ್ತಳೆ ಜಾತಿಯ ಸಸಿಗಳನ್ನು ಕೊಳೆಯಿಸುವ ರೈಜೊಕ್ಟೋನಿಯ ಎಂಬ ಶಿಲೀಂಧ್ರದ ಬಳಿಯಲ್ಲಿ ಟ್ರೈಕೊಡರ್ಮವನ್ನು ಬೆಳೆಯಬಿಟ್ಟಾಗ, ಇದು ಅದರ ಕಡೆಗೆ ಚಾಚಿತು. ಅದರ ಎಳೆಗಳಿಗೆ ಹಾವಿನಂತೆ ಸುತ್ತಿಕೊಂಡಿತು. ಕಡೆಗೆ ಅದನ್ನು ಬರಿದು ಮಾಡಿತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಗೆ ಸೂಕ್ಷ್ಮದರ್ಶಕದ ಕೆಳಗೆ ಸಾಕ್ಷಿ ಸಿಕ್ಕಂತಾಯಿತು. ಶಿಲೀಂಧ್ರಕ್ಕೆ ಶಿಲೀಂಧ್ರವೇ ಮೃತ್ಯು. ಲಂಕೆಯ ಮರ್ಮವನ್ನು ಬಲ್ಲವನು ಲಂಕೆಯವನೇ ಆದ ವಿಭೀಷಣನಲ್ಲವೆ?

ಇದರ ಯುದ್ಧನೀತಿ ಒಂದೇ ಬಗೆಯದಲ್ಲ. ಶತ್ರುವಿನ ಗೋಡೆಯನ್ನು ಕರಗಿಸುವ ಕಿಣ್ವಗಳನ್ನು ಸುರಿಸುತ್ತದೆ. ಕೆಲವು ಬಗೆಗಳು ವಿಷವನ್ನೂ ಉಗುಳುತ್ತವೆ. ವೈಂಡ್ಲಿಂಗನೇ 1934ರಲ್ಲಿ ಅದನ್ನು ಕಂಡ. ಇವೆಲ್ಲಕ್ಕಿಂತ ಸಾಧುವಾದ, ಆದರೆ ಬಹುಶಃ ಎಲ್ಲಕ್ಕಿಂತ ಮೇಲಾದ ಉಪಾಯವೆಂದರೆ, ವೇಗವಾಗಿ ಬೆಳೆದು ಬೇರಿನ ಸುತ್ತಣ ಜಾಗವನ್ನೂ ಆಹಾರವನ್ನೂ ತಾನೇ ಹಿಡಿದುಕೊಂಡುಬಿಡುವುದು. ಇನ್ನೊಂದು ವಿಚಿತ್ರ: ಈ ಬೂಷ್ಟು ಬೇರಿನ ಹೊರಪದರಕ್ಕೆ ಮೆಲ್ಲನೆ ಕಾಲಿಟ್ಟಾಗ ಗಿಡವು ಎಚ್ಚೆತ್ತು ತನ್ನ ಬಾಗಿಲು ಕಿಟಕಿಗಳನ್ನು ಭದ್ರಪಡಿಸಿಕೊಳ್ಳುತ್ತದೆ, ಬೇರಿನಲ್ಲಿ ಸಿಕ್ಕಿದ ಎಚ್ಚರಿಕೆ ಎಲೆಯವರೆಗೂ ಮುಟ್ಟುತ್ತದೆ.

ಅದರ ಜೊತೆಗಾರರಲ್ಲಿ ಇಬ್ಬರ ಹೆಸರನ್ನಾದರೂ ಹೇಳಬೇಕು. ಸೂಡೊಮೊನಾಸ್ ಫ್ಲೂರೆಸೆನ್ಸ್ ಎಂಬ ಬ್ಯಾಕ್ಟೀರಿಯವು ಮಣ್ಣಿನಲ್ಲಿರುವ ಅಲ್ಪಸ್ವಲ್ಪ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಒಂದು ಹಳದಿ ಹಸಿರಿನ ವಸ್ತುವನ್ನು ಸುರಿಸಿ, ರೋಗಾಣುವನ್ನು ಕಬ್ಬಿಣದ ಬರಗಾಲಕ್ಕೆ ಗುರಿಮಾಡುತ್ತದೆ. ನೇರಿಳಾತೀತ ಬೆಳಕಿನಲ್ಲಿ ಹಿಡಿದರೆ ಆ ವಸ್ತು ಹೊಳೆಯುತ್ತದೆ. ಹೆಸರು ಬಂದುದು ಅದರಿಂದ. ಬೆಸಿಲಸ್ ಸಬ್ಟಿಲಿಸ್ ಎಂಬುದು ಕಷ್ಟಕಾಲದಲ್ಲಿ ಗಟ್ಟಿ ಚಿಪ್ಪಿನೊಳಗೆ ಮಲಗಿ ಬಿಸಿಲನ್ನೂ ಬರವನ್ನೂ ಕಳೆಯಬಲ್ಲ ತಪಸ್ವಿ.

ವೈಂಡ್ಲಿಂಗನ ಶೋಧ ಇಷ್ಟು ಸೊಗಸಾಗಿದ್ದರೂ ಅದು ಹೊಲಕ್ಕಿಳಿಯಲು ನಾಲ್ಕು ದಶಕಗಳು ಬೇಕಾದುವು. ರಸಾಯನಗಳ ವೈಭವದ ಕಾಲ ಅದು; ಬೂಷ್ಟಿನ ಮಾತನ್ನು ಕೇಳುವವರಿರಲಿಲ್ಲ. 1972ರಲ್ಲಿ ಜಾರ್ಜಿಯ ಪ್ರಾಂತದ ಹೊಲಗಳಲ್ಲಿ, ಕಡಲೆಕಾಯಿ ಟೊಮೇಟೊಗಳ ಬುಡ ಕೊಳೆಯಿಸುವ ಶಿಲೀಂಧ್ರದ ಮೇಲೆ ಟ್ರೈಕೊಡರ್ಮ ಗೆದ್ದುದನ್ನು ವೆಲ್ಸ್ ಮತ್ತು ಸಂಗಡಿಗರು ಪ್ರಕಟಿಸಿದರು. ಮರುವರ್ಷ, ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಆಲನ್ ಕೆರ್ ಎಂಬವರು ಆರಿಸಿದ ಸಾಧು ಬ್ಯಾಕ್ಟೀರಿಯವೊಂದು ಬಳಕೆಗೆ ಬಂದಿತು. ಪೀಚ್, ಬಾದಾಮಿ ಸಸಿಗಳ ಬೇರನ್ನು ನೆಡುವ ಮುನ್ನ ಅದರ ನೀರಿನಲ್ಲಿ ಅದ್ದಿದರೆ, ಕಾಂಡದ ಬುಡದಲ್ಲಿ ಗಂಟು ಬೆಳೆಯಿಸುವ ಅದರ ದುಷ್ಟ ದಾಯಾದಿಗೆ ಒಳಗೆ ಕಾಲಿಡಲು ಎಡೆಯಿರುತ್ತಿರಲಿಲ್ಲ.

'ನೆಡುವ ಮುನ್ನ' ಎಂಬ ಆ ಮಾತಿನಲ್ಲಿಯೇ ಈ ವಿದ್ಯೆಯ ಜೀವಾಳವಿದೆ. ನಮ್ಮಲ್ಲಿ ಬಹುಜನ ಎಡವುವುದೂ ಅಲ್ಲಿಯೇ. ಗಿಡ ಸೊರಗಿದ ಮೇಲೆ ಅಂಗಡಿಗೆ ಓಡಿ, ಪೊಟ್ಟಣ ತಂದು, ನೀರಿನಲ್ಲಿ ಕದಡಿ ಬುಡಕ್ಕೆ ಸುರಿದು, ನಾಲ್ಕು ದಿನ ನೋಡಿ, "ಇದೆಲ್ಲ ಮೋಸ" ಎಂದು ಕೈತೊಳೆದುಕೊಳ್ಳುವವರು ಉಂಟು. ಕೊಳೆತ ಬೇರನ್ನು ಯಾವ ಬೂಷ್ಟೂ ಮರಳಿ ಬದುಕಿಸಲಾರದು. ಕಳ್ಳ ಒಳಹೊಕ್ಕ ಮೇಲೆ ಕಾವಲುಗಾರನನ್ನು ಗೊತ್ತುಮಾಡಿ, ಅವನಿಗೆ ಊಟವನ್ನೂ ಹಾಕದೆ, ಉರಿಬಿಸಿಲಿನಲ್ಲಿ ನಿಲ್ಲಿಸಿ, ಕದ್ದ ಮಾಲನ್ನು ತಂದುಕೊಡೆಂದರೆ ಅವನು ಏನು ಮಾಡಿಯಾನು?

ಊಟ ಹಾಕುವ ಕ್ರಮ ಸರಳವಾಗಿದೆ. ಚೆನ್ನಾಗಿ ಕಳಿತ 100 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಟ್ರೈಕೊಡರ್ಮ ಪುಡಿಯನ್ನು ಬೆರಸಿ, ನೆರಳಿನಲ್ಲಿ ರಾಶಿ ಹಾಕಿ, ಮುಷ್ಟಿ ಹಿಡಿದರೆ ಉಂಡೆಯಾಗುವಷ್ಟು ಮಾತ್ರ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಬೇಕು. ಮೂರು ನಾಲ್ಕು ದಿನಕ್ಕೊಮ್ಮೆ ಮಗುಚಬೇಕು. ಒಂದು ವಾರ, ಇನ್ನೂ ಒಳ್ಳೆಯದೆಂದರೆ ಎರಡು ವಾರ, ಕಳೆದು ಗೋಣಿ ಎತ್ತಿದಾಗ ರಾಶಿಯ ಮೈಮೇಲೆ ಬಿಳಿ ಹಸಿರಿನ ಬೂಷ್ಟು ಹಬ್ಬಿರುತ್ತದೆ. ಬೇವಿನ ಹಿಂಡಿ ಬೆರೆತರೆ ಇನ್ನೂ ಲೇಸು. ಅರಿಯದವರು ಗೊಬ್ಬರ ಕೆಟ್ಟಿತೆಂದು ಹೌಹಾರುವುದು ಇಲ್ಲಿಯೇ. ಅದು ಸೈನ್ಯ ಸಿದ್ಧವಾದ ಗುರುತು. ಹದವಾದ ತೇವವಿರುವ ನೆಲಕ್ಕೆ, ಬೇರಿನ ಬಳಿಗೆ, ಮಳೆಗಾಲದ ಆರಂಭದಲ್ಲಿ ಇದನ್ನು ಸೇರಿಸಬೇಕು. ಕೊಡಗಿನ ಕಾಫಿ ತೋಟಗಳಲ್ಲಿ ನೆರಳು ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನು ಶೀಘ್ರ ಸೊರಗು ರೋಗವು, ಅಡಿಕೆಯ ಕೊಳೆರೋಗದ ಸೋದರನೇ ಆದ ಫೈಟಾಫ್ತೊರವೊಂದು, ಕೆಲವೇ ವಾರಗಳಲ್ಲಿ ಒಣಗಿಸಿಬಿಡುತ್ತದೆ. ಅಲ್ಲಿಯೂ ಸಂಬಾರ ಬೆಳೆಗಳ ವಿಜ್ಞಾನಿಗಳು ಹೇಳುವುದು ಇದನ್ನೇ: ಮಳೆ ಹಿಡಿಯುವ ಮುನ್ನ ಬುಡಕ್ಕೆ ಟ್ರೈಕೊಡರ್ಮ. ಹಿಪ್ಪುನೇರಳೆಯ ಬೇರಿಗಾಗಿ ಮೈಸೂರಿನ ಸಂಶೋಧನಾಲಯವು ರೂಪಿಸಿದ ಟ್ರೈಕೊಡರ್ಮದ ಸಿದ್ಧತೆಗೆ 'ರಕ್ಷಾ' ಎಂದು ಹೆಸರು.

ನಮ್ಮ ಹಿರಿಯರು ಬೇಸಿಗೆಯಲ್ಲಿ ಹೊಲದಲ್ಲಿ ಕುರಿಮಂದೆ ಹಾಕಿಸುತ್ತಿದ್ದರು, ತಿಪ್ಪೆಯನ್ನು ಐಶ್ವರ್ಯವೆಂದು ಎಣಿಸುತ್ತಿದ್ದರು. ಅವರಿಗೆ ಟ್ರೈಕೊಡರ್ಮದ ಹೆಸರು ತಿಳಿದಿರಲಿಲ್ಲ; ಆದರೆ ಅದರ ಊಟದ ವ್ಯವಸ್ಥೆಯನ್ನು ಅವರು ತಪ್ಪಿಸಿರಲಿಲ್ಲ. ಹಾಗೆಂದು ಹಳೆಯದೆಲ್ಲ ವಿಜ್ಞಾನವೇ ಆಗಿತ್ತೆಂದು ಬೀಗುವುದೂ ಸಲ್ಲದು. ಸಗಣಿ, ಗಂಜಲ, ಬೆಲ್ಲ, ಹಿಟ್ಟುಗಳನ್ನು ಕದಡಿ ಮಾಡುವ ಜೀವಾಮೃತದಲ್ಲಿ ಸೂಕ್ಷ್ಮಜೀವಿಗಳು ಹೇರಳವಾಗಿ ಹುಟ್ಟುವುದು ನಿಜ. ಯಾವುವು ಹುಟ್ಟಿದುವು ಎಂಬುದು ಆ ದಿನದ ಅದೃಷ್ಟ. ಆರಿಸಿ, ಶುದ್ಧವಾಗಿ ಬೆಳೆಸಿ, ಎಣಿಸಿ ಕೊಟ್ಟುದಕ್ಕೂ ಇದಕ್ಕೂ ಅಂತರವುಂಟು.

ಈ ಆರಿಸುವ ಮಾತು ರೇಷ್ಮೆಯ ನಾಡಿನಲ್ಲಿ ಬರಿಯ ಪಾಂಡಿತ್ಯವಲ್ಲ, ಪ್ರಾಣದ ಪ್ರಶ್ನೆ. 'ಉಪಕಾರಿ ಸೂಕ್ಷ್ಮಜೀವಿ' ಎಂದು ಲೋಕ ಹೊಗಳುತ್ತಿರುವ ಇಬ್ಬರು ಮಹನೀಯರು ರೇಷ್ಮೆ ಹುಳುವಿನ ಕೊಲೆಗಾರರೆಂದೇ ಚರಿತ್ರೆಯೊಳಗೆ ಪ್ರವೇಶಿಸಿದವರು. ಇಟಲಿಯ ಲೋದಿ ಪಟ್ಟಣದ ಬಳಿ ಅಗಸ್ಟಿನೊ ಬಾಸ್ಸಿ ಎಂಬ, ಕಾನೂನು ಓದಿ, ಕಣ್ಣು ಮಂಜಾಗಿ, ಹಳ್ಳಿ ಸೇರಿದ ಗೃಹಸ್ಥನು ರೇಷ್ಮೆ ಹುಳುಗಳು ಸತ್ತು ಸುಣ್ಣದ ಕಡ್ಡಿಗಳಂತೆ ಬಿಳುಪೇರುವ ರೋಗವನ್ನು ವರ್ಷಗಟ್ಟಲೆ ಬೆನ್ನುಹತ್ತಿದ. ಅದಕ್ಕೆ ಒಂದು ಸೂಕ್ಷ್ಮ ಶಿಲೀಂಧ್ರವೇ ಕಾರಣವೆಂದು 1835ರಲ್ಲಿ ಅವನು ತೋರಿಸಿದಾಗ ಲೂಯಿ ಪಾಶ್ಚರನಿಗೆ ಇನ್ನೂ ಹದಿಮೂರು ವರ್ಷ ತುಂಬುತ್ತಿತ್ತು. ನಮ್ಮ ರೈತರು ಸುಣ್ಣಕಟ್ಟು ರೋಗವೆಂದು ಕರೆಯುವುದು ಇದನ್ನೇ. ಆ ಶಿಲೀಂಧ್ರಕ್ಕೆ ಬಾಸ್ಸಿಯ ಹೆಸರೇ ಅಂಟಿಕೊಂಡು ಬ್ಯೂವೇರಿಯ ಬಾಸ್ಸಿಯಾನ ಎಂದಾಯಿತು. ಇಂದು ಅದೇ ಬ್ಯೂವೇರಿಯ ತರಕಾರಿ ತೋಟದ ಕೀಟಗಳ ಮೇಲೆ ಹೊಡೆಯುವ ಜೈವಿಕ ಔಷಧವಾಗಿ ಪೊಟ್ಟಣಗಳಲ್ಲಿ ಬರುತ್ತದೆ. ಎರಡನೆಯದು 1901ರಲ್ಲಿ ಜಪಾನಿನ ಇಷಿವಾಟ ಎಂಬಾತನು ರೇಷ್ಮೆ ಹುಳುಗಳ ಹಠಾತ್ ಮರಣದಲ್ಲಿ ಕಂಡ ಬ್ಯಾಕ್ಟೀರಿಯ. ಹತ್ತು ವರ್ಷಗಳ ಅನಂತರ ಅದು ಜರ್ಮನಿಯ ತುರಿಂಗಿಯಾದಲ್ಲಿ ಹಿಟ್ಟಿನ ಪತಂಗದ ಮರಿಗಳಲ್ಲಿ ಸಿಕ್ಕಿ, ಆ ಪ್ರಾಂತದ ಹೆಸರನ್ನು ಹೊತ್ತು, ಈಗ 'ಬಿ.ಟಿ.' ಎಂಬ ಎರಡಕ್ಷರಗಳಲ್ಲಿ ಜಗತ್ಪ್ರಸಿದ್ಧವಾಗಿದೆ.

ಟ್ರೈಕೊಡರ್ಮ, ಬ್ಯೂವೇರಿಯ, ಬಿ.ಟಿ. ಇವು ಮೂರೂ ಅಂಗಡಿಯ ಒಂದೇ ಹಲಗೆಯ ಮೇಲೆ, ಒಂದೇ ಬಗೆಯ ಪೊಟ್ಟಣಗಳಲ್ಲಿ, 'ಜೈವಿಕ, ನಿರಪಾಯಕಾರಿ' ಎಂಬ ಒಂದೇ ಬಗೆಯ ಅಕ್ಷರಗಳ ಕೆಳಗೆ ಕುಳಿತಿರುವುದುಂಟು. ಮೊದಲನೆಯದು ಹಿಪ್ಪುನೇರಳೆಯ ಬೇರನ್ನು ಕಾಯುತ್ತದೆ. ಉಳಿದೆರಡನ್ನು ಪಕ್ಕದ ಬದನೆಯ ಹೊಲಕ್ಕೆ ಹೊಡೆದಾಗ, ಗಾಳಿಯಲ್ಲಿ ತೇಲಿಬಂದ ಕಣಗಳು ಸೊಪ್ಪಿನ ಮೇಲೆ ಕುಳಿತರೆ, ಹುಳು ಮನೆಯೊಳಗೆ ಅನರ್ಥವಾಗಬಹುದು. ಆದುದರಿಂದಲೇ ರೇಷ್ಮೆ ಇಲಾಖೆಯವರು ಹಿಪ್ಪುನೇರಳೆಯ ನೆರೆಯಲ್ಲಿ ಇವನ್ನು ಬಳಸಬೇಡಿರೆಂದು ಎಚ್ಚರಿಸುವುದು. 'ಉಪಕಾರಿ' ಎಂಬ ವಿಶೇಷಣ ಸೂಕ್ಷ್ಮಜೀವಿಯ ಹುಟ್ಟುಗುಣವಲ್ಲ. ಯಾರ ಮನೆಯ ಬಾಗಿಲಲ್ಲಿ ನಿಂತು ಹೇಳುತ್ತೇವೆಂಬುದರ ಮೇಲೆ ಅದು ನಿಂತಿದೆ. ಟ್ರೈಕೊಡರ್ಮವೂ ಇದಕ್ಕೆ ಹೊರತಲ್ಲ. ರಾಜಾಜಿನಗರದ ಯಾವುದೋ ಓಣಿಯಲ್ಲಿ, ಕತ್ತಲೆ ಕೋಣೆಯೊಳಗೆ ಹುಲ್ಲಿನ ಚೀಲ ತೂಗುಹಾಕಿ ಅಣಬೆ ಬೆಳೆಯುವ ಗೃಹಿಣಿಯೊಬ್ಬಳಿದ್ದರೆ ಆಕೆಯನ್ನು ಕೇಳಬೇಕು. ಚೀಲದಲ್ಲಿ ಹಸಿರು ಮಚ್ಚೆ ಕಂಡ ದಿನ ಆಕೆ ಶಪಿಸುವುದು ಇದೇ ಟ್ರೈಕೊಡರ್ಮದ ಕುಲವನ್ನು. ಅಣಬೆಯೂ ಶಿಲೀಂಧ್ರವೇ ತಾನೆ! ವಿಭೀಷಣನಿಗೆ ಬಂಧುಗಳಲ್ಲಿ ಒಳ್ಳೆಯವರು ಯಾರು, ಕೆಟ್ಟವರು ಯಾರು ಎಂಬ ವಿವೇಚನೆ ಇಲ್ಲಿ ಇಲ್ಲ.

ಪೊಟ್ಟಣವನ್ನು ಕೊಳ್ಳುವಲ್ಲಿಯೂ ಕಣ್ಣಿರಬೇಕು. ಟ್ರೈಕೊಡರ್ಮದಂಥ ಪುಡಿಗಳು ನಮ್ಮ ದೇಶದಲ್ಲಿ 1968ರ ಕೀಟನಾಶಕ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಪೊಟ್ಟಣದ ಮೇಲೆ ನೋಂದಣಿಯ ಸಂಖ್ಯೆ, ತಯಾರಾದ ದಿನ, ಅವಧಿ ತೀರುವ ದಿನ ಇರಬೇಕು. ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಂತ ಕಣಗಳಿರಬೇಕೆಂಬುದು ನಿಯಮ. ಅದೃಷ್ಟಹೀನ ಗಿರಾಕಿಗೆ ಸಿಗುವುದು ತಿಂಗಳುಗಟ್ಟಲೆ ಅಂಗಡಿಯ ಮುಂಬಾಗಿಲಿನ ಬಿಸಿಲಿನಲ್ಲಿ ಬೆಂದು, ಒಳಗಿನ ಜೀವವೆಲ್ಲ ಆರಿ, ಬರಿಯ ಬಳಪದ ಪುಡಿಯಾಗಿ ಉಳಿದ ಪೊಟ್ಟಣ. ಮಾತ್ರೆಯನ್ನು ಕೊಳ್ಳುವಂತೆ ಇದನ್ನು ಕೊಳ್ಳಬಾರದು. ಹಾಲನ್ನು ಕೊಳ್ಳುವಂತೆ ಕೊಳ್ಳಬೇಕು. ತಂದುದನ್ನು ಮೈಲುತುತ್ತದ ದ್ರಾವಣದ ಜೊತೆಗಾಗಲಿ ಅದರ ಬೆನ್ನಿಗಾಗಲಿ ಮಣ್ಣಿಗೆ ಸುರಿಯಲೂ ಕೂಡದು. ಶಿಲೀಂಧ್ರವನ್ನು ಕೊಲ್ಲುವ ತಾಮ್ರಕ್ಕೆ ನಮ್ಮ ಶಿಲೀಂಧ್ರ, ಅವರ ಶಿಲೀಂಧ್ರ ಎಂಬ ಭೇದವಿಲ್ಲ.

ತಿಳಿಯಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಬಾಗಿಲುಗಳು ಹಲವು. ಜೀವಿಯಿಂದ ಜೀವಿಯನ್ನು ಹತೋಟಿಯಲ್ಲಿಡುವ ಶಾಸ್ತ್ರಕ್ಕಾಗಿ 1957ರಲ್ಲಿಯೇ ಇಲ್ಲಿ ಕಾಮನ್‌ವೆಲ್ತ್ ಸಂಸ್ಥೆಯ ಕೇಂದ್ರವೊಂದು ತೆರೆಯಿತು. ಆ ಕೆಲಸದ ಮುಂದಿನ ಪೀಳಿಗೆಯಾಗಿ 1993ರಲ್ಲಿ ರಾಷ್ಟ್ರೀಯ ನಿರ್ದೇಶನಾಲಯವೊಂದು ಹುಟ್ಟಿ, ಈಗ ಹೆಬ್ಬಾಳದಲ್ಲಿ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆಯೆಂಬ ಹೆಸರಿನಿಂದ ನಡೆಯುತ್ತಿದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ' ಹೆಸರಿನ ಸೂಕ್ಷ್ಮಜೀವಿ ಮಿಶ್ರಣ ಮಾಳಿಗೆ ತೋಟದವರಿಗೂ ಪರಿಚಿತ. ರೇಷ್ಮೆಯವರಿಗಂತೂ ಕೆಂಗೇರಿಗೆ ದೂರವಲ್ಲದ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯೇ ಇದೆ.

ಊಹೆಯ ಆ ರೈತನ ತೋಟದಲ್ಲಿ ಈಗ ಮಾಡಬೇಕಾದುದು ಬಹಳವಿದೆ. ಒಣಗಿದ ಗಿಡಗಳನ್ನು ಬೇರುಸಹಿತ ಅಗೆದು, ಸಾಲಿನಲ್ಲಿ ಎಳೆದಾಡದೆ ಹೊರಗೆ ಸಾಗಿಸಿ, ಸುಡಬೇಕು. ಗುಂಡಿಗಳಿಗೆ ಬಿಸಿಲು ಬೀಳಲು ಬಿಡಬೇಕು. ಬಯಲಿನೊಳಗೆ ಹರಿದ ನೀರು ಹಸಿರು ಸಾಲುಗಳಿಗೆ ಹೋಗದಂತೆ ಕಾಲುವೆಯ ದಾರಿ ತಿರುಗಿಸಬೇಕು. ಗುದ್ದಲಿಯನ್ನು ತೊಳೆಯದೆ ಆ ಕಡೆಯಿಂದ ಈ ಕಡೆಗೆ ತರಬಾರದೆಂದು ಕೂಲಿಯವರಿಗೆ ದಿನವೂ ಹೇಳಬೇಕು, ದಿನವೂ ಅವರು ಮರೆಯುತ್ತಾರೆ. ಗೋಣಿಯ ಕೆಳಗೆ ಹಸಿರಾದ ಗೊಬ್ಬರವನ್ನು ಮೊದಲು ಹಾಕಬೇಕಾದುದು ಸತ್ತ ಗಿಡದ ಗುಂಡಿಗಲ್ಲ. ಬಯಲಿನ ಅಂಚಿನಲ್ಲಿ ಇನ್ನೂ ನಳನಳಿಸುತ್ತಿರುವ, ಆದರೆ ಸರದಿಯಲ್ಲಿ ನಿಂತಿರುವ, ಗಿಡಗಳ ಸುತ್ತಿಗೆ. ಆಮೇಲೆ ಗುಂಡಿಗಳಿಗೆ, ಆಮೇಲೆ ಹೊಸ ಸಸಿ.

"ಚೆನ್ನಾಗಿರೋ ಗಿಡಕ್ಯಾಕಪ್ಪ ಔಷಧಿ? ಒಣಗಿರೋದಕ್ಕೆ ಹಾಕು" ಎಂದು ಮನೆಯ ಹಿರಿಯರು ಜಗುಲಿಯಿಂದ ಕೂಗಿಯೇ ಕೂಗುತ್ತಾರೆ.

"ಒಣಗಿರೋದು ಹೋಯ್ತು ಬಿಡಪ್ಪ" ಎಂದು ಮಗ ಮಂಕರಿ ಎತ್ತಿಕೊಳ್ಳುತ್ತಾನೆ.

ಅಂಚಿನ ಗಿಡಗಳು ಮುಂದಿನ ಮಳೆಗಾಲದ ಕೊಯ್ಲಿನ ಹೊತ್ತಿಗೆ ನಿಂತಿದ್ದರೆ ಬಯಲು ಅಷ್ಟಕ್ಕೇ ನಿಂತಿತೆಂದು ಅರ್ಥ. ಅಲ್ಲಿಯವರೆಗೆ ಅವನು ಪ್ರತಿ ಕೊಯ್ಲಿನಲ್ಲಿಯೂ ಆ ಸುತ್ತಿನ ಗಿಡಗಳನ್ನು ಬೆರಳು ಮಡಿಚಿ ಎಣಿಸುತ್ತಿರುತ್ತಾನೆ.